ಪಟಿಕ ಹಾಕಿದ ನೀರು

ಮೊನ್ನೆ ಅಡುಗೆಮನೆಯ ಮೇಲಿನ ಹಲಗೆ ಒರೆಸುತ್ತಿದ್ದಾಗ ತೊಗರಿಬೇಳೆ ಡಬ್ಬಿಯ ಹಿಂದೆ ಒಂದು ಪ್ಲಾಸ್ಟಿಕ್ ಬಾಟಲಿ ಕೈಗೆ ಸಿಕ್ಕಿತು. ಗೇಣುದ್ದವೂ ಇಲ್ಲ. ಅಗಲ ಬಾಯಿ, ಬಿಳಿ ಮುಚ್ಚಳ. ಯಾವಾಗಲೋ ಅಜಿವಾನ, ಅದೇ ಓಂಕಾಳು, ತುಂಬಿಟ್ಟು ಮರೆತಿದ್ದೆ. ಮುಚ್ಚಳ ತಿರುಗಿಸಿದ ಕೂಡಲೇ ಘಾಟು ಮೂಗಿಗೆ ಬಡಿಯಿತು. ಬಾಟಲಿ ತಿರುವಿ ನೋಡಿದೆ. ಚೀಟಿ ಇನ್ನೂ ಅಂಟಿಕೊಂಡೇ ಇತ್ತು: ‘೧೭. ಅಕ್ಕನ ಮನೆ ನಳ.’ ನೀಲಿ ಶಾಯಿ ಮಾಸಿದೆ. ಅಕ್ಷರಗಳು ಮಾತ್ರ ಎಡಕ್ಕೆ ವಾಲಿ ನಿಂತಿವೆ, ಆಕೆ ಬರೆದ ದಿನ ಹೇಗಿದ್ದವೋ ಹಾಗೆ…

ನಮ್ಮ ಮನೆಯ ಮೇಲಿನ ಕೋಣೆಗೆ ಆಕೆ ಬಂದದ್ದು ಒಂದು ಶ್ರಾವಣದಲ್ಲಿ. ಎರಡು ಚೀಲ ಬಟ್ಟೆ, ನಾಲ್ಕು ಡಬ್ಬ ಪುಸ್ತಕ, ಒಂದು ಕಂಪ್ಯೂಟರು, ಮತ್ತೆ ಒಂದು ಗೋಣಿಚೀಲದ ತುಂಬ ಖಾಲಿ ಬಾಟಲಿ. ಬಾಟಲಿ ನೋಡಿ ನಮ್ಮ ಮನೆಯವರು, “ಗುಜರಿ ವ್ಯಾಪಾರ ಮಾಡ್ತಾಳೇನ ಈ ಹೆಣಮಗಳು?” ಅಂತ ಕಿವಿಯಲ್ಲಿ ಅಂದಿದ್ದರು. ಆಕೆ ಸಂಶೋಧನೆ ಮಾಡುವವಳು. ಹತ್ತು ವರ್ಷ ನರ್ಸ್ ಕೆಲಸ ಮಾಡಿ, ಅದನ್ನು ಬಿಟ್ಟು, ನಲವತ್ತರ ಹತ್ತಿರ ಬಂದಮೇಲೆ ಡಾಕ್ಟರೇಟಿಗೆ ಕೂತವಳು. ಓಣಿಯ ಮುಸಲ್ಮಾನರ ಮಕ್ಕಳು ಆಪಾ ಅನ್ನುತ್ತಿದ್ದವು. ನಾನೂ ಆಪಾ ಅಂದೆ. ಅಂದರೆ ಅಕ್ಕ. ಆಕೆ ನನಗೆ ಅಕ್ಕಾ ಅನ್ನುತ್ತಿದ್ದಳು. “ಇಬ್ಬರೂ ಅಕ್ಕಗೋಳೇ ಆದ್ರ ತಂಗಿ ಯಾರ್ರೀ? ಬೈಸಿಕೊಳ್ಳಾಕ ಒಬ್ಬಾಕಿ ಬೇಕಲ್ಲ” ಎಂದು ಒಮ್ಮೆ ಕೇಳಿದ್ದಳು. ಬೈಸಿಕೊಳ್ಳುವವಳು ನಾನೇ ಆಗುತ್ತೇನೆಂದು ಆಗ ಗೊತ್ತಿರಲಿಲ್ಲ. ಆಕೆ ಬೈಯಲೂ ಇಲ್ಲ, ಅದು ಬೇರೆ ಮಾತು.

ಬಂದ ದಿನ ನಮ್ಮ ಪದ್ಧತಿಯಂತೆ ಒಂದು ತುಂಡು ಬೆಲ್ಲ, ತಂಬಿಗೆ ನೀರು ಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡಳು. ನೀರನ್ನು ಒಂದೇ ಗುಟುಕು ಕುಡಿದು ತಂಬಿಗೆ ಕೆಳಗಿಟ್ಟಳು. ಮರುದಿನವೂ ಹಾಗೆಯೇ. ಚಹಾ ಕೊಟ್ಟರೆ ಅರ್ಧ. ಮಜ್ಜಿಗೆ ಕೊಟ್ಟರೆ “ಬ್ಯಾಡ್ರೀ ಅಕ್ಕಾ, ಬಸ್” ಅನ್ನುತ್ತಿದ್ದಳು. ತನ್ನ ಕೋಣೆಯಲ್ಲಿ ಒಂದು ಸಣ್ಣ ಸ್ಟೀಲ್ ಲೋಟ ಇಟ್ಟುಕೊಂಡಿದ್ದಳು. ದಿನಕ್ಕೆ ಅದರಿಂದ ಎಣಿಸಿ ಎಣಿಸಿ ಕುಡಿಯುತ್ತಿದ್ದಳು. ನಾನು ಕಸ ಗುಡಿಸುವಾಗ ಕಂಡಿದ್ದೆ. ಬೇಸಿಗೆಯಲ್ಲಿ ಸಿಂಧನೂರಿನ ಬಿಸಿಲಿನಲ್ಲಿ ತಿರುಗಿ ಬಂದವರು ಯಾರಾದರೂ ಲೋಟ ಎಣಿಸುತ್ತಾರೆಯೇ?

ನನಗೆ ಬೇಜಾರಾಯಿತು. ಮನೆಯವರು ಉರಿಗೆ ಎಣ್ಣೆ ಹೊಯ್ದರು. “ಊರ ನೀರೆಲ್ಲಾ ಪರೀಕ್ಷಾ ಮಾಡಾಕಿ ಅಕಿ. ನಿನ್ನ ನೀರಿನ ಮ್ಯಾಲೆ ಭರವಸಾ ಇಲ್ಲ ಕಾಣಸ್ತೈತಿ” ಅಂದರು. ನಗುತ್ತಾ ಅಂದ ಮಾತು. ಅದು ನನ್ನೊಳಗೆ ಮುಳ್ಳಿನಂತೆ ಉಳಿದುಬಿಟ್ಟಿತು.

ಆಕೆಯ ಕೆಲಸ ಏನೆಂದು ನನಗೆ ತಿಳಿಯಲು ಎರಡು ತಿಂಗಳು ಹಿಡಿಯಿತು. ಕಾಲುವೆ ಬರುವ ಮೊದಲು ಈ ಕಡೆ ಊರುಗಳು ಬಾವಿ, ಹಳ್ಳದ ನೀರು ಕುಡಿಯುತ್ತಿದ್ದವು. ಕಾಲುವೆ ಬಂತು, ಭತ್ತ ಬಂತು, ಭತ್ತದ ಜೊತೆ ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ ಬಂದವು. ಕುಡಿಯುವುದೂ ಅದೇ ಕಾಲುವೆಯ ನೀರಾಯಿತು. ಹಾಗಾದರೆ ಜನರ ರೋಗ ಬದಲಾಯಿತೇ? ಯಾವುದು ಹೋಯಿತು, ಯಾವುದು ಬಂತು? ಇದು ಆಕೆಯ ಪ್ರಶ್ನೆ. ನೀರಿನಲ್ಲಿ ಅದ್ದಿದರೆ ಅಂಕಿ ತೋರಿಸುವ ಪೆನ್ನಿನಂಥ ಒಂದು ಯಂತ್ರ ಆಕೆಯ ಹತ್ತಿರ ಇತ್ತು. ಹೋದ ಊರುಗಳೆಲ್ಲ ಮೊಬೈಲಿನ ನಕಾಶೆಯಲ್ಲಿ ಕೆಂಪು ಚುಕ್ಕೆಯಾಗಿ ಕೂರುತ್ತಿದ್ದವು. ಆ ಯಂತ್ರದಲ್ಲಿ ಕಾಣದ್ದನ್ನು ನೋಡಲು ಬಾಟಲಿಗಳನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಬೇಕಿತ್ತು.

ಹಳೆಯ ಕಾಲದ್ದಕ್ಕೆ ಆಕೆ ಮಸ್ಕಿಗೆ ಹೋಗುತ್ತಿದ್ದಳು. ಅಲ್ಲಿ ಒಬ್ಬ ಹಕೀಮರ ಮನೆಯಿತ್ತು. ಈಗ ವೈದ್ಯ ಮಾಡುವವರು ಯಾರೂ ಉಳಿದಿಲ್ಲ. ಮನೆಯ ಅಜ್ಜ ಒಬ್ಬರು ತಮ್ಮ ಹಿರಿಯರ ದಫ್ತರುಗಳನ್ನು ಪೆಟ್ಟಿಗೆಯಲ್ಲಿ ಬೇವಿನ ಎಲೆ ಹಾಕಿ ಕಾಪಾಡಿದ್ದರು. ನಿಜಾಮರ ಕಾಲದ್ದು, ಎಲ್ಲ ಉರ್ದು. ಯಾವ ಊರಿನವರು, ಯಾವ ಜ್ವರ, ಎಷ್ಟು ದಿನ, ಕುಡಿಯುವ ನೀರು ಎಲ್ಲಿಯದು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಬಸ್ಸಿನಲ್ಲಿ, “ದುನಿಯಾದ ಮಂದಿ ಎಲ್ಲಾ ಮಸ್ಕಿಗೆ ಕಲ್ಲಿನ ಮ್ಯಾಲಿನ ಬರಹ ಓದಾಕ ಬರ್ತಾರ. ನಾವಿಬ್ಬರೂ ಜ್ವರ ಓದಾಕ ಹೊಂಟೀವಿ ನೋಡ್ರೀ” ಎಂದಳು. ಮಧ್ಯಾಹ್ನದವರೆಗೂ ಆಕೆ ಹಾಳೆ ತಿರುವುತ್ತಾ, ಅಜ್ಜ ಕನ್ನಡಕ ಸರಿಮಾಡಿಕೊಳ್ಳುತ್ತಾ, ನಾನು ಅವರ ಸೊಸೆಯ ಜೊತೆ ಮೆಂತ್ಯೆಪಲ್ಯ ಬಿಡಿಸುತ್ತಾ ಕೂತಿದ್ದೆವು. ಅಜ್ಜ ಒಂದು ಪುಟದ ಮೇಲೆ ಬೆರಳಿಟ್ಟು, “ಈಕಿ ನೋಡವ್ವ, ಒಂಬತ್ತು ಸರ್ತಿ ಬಂದಾಳ. ಹತ್ತನೇ ಸರ್ತಿ ಹೆಸರಿಲ್ಲ” ಎಂದರು. ಆಪಾ ಆ ಪುಟದ ಮೇಲೆ ಬಹಳ ಹೊತ್ತು ಕಣ್ಣಿಟ್ಟಿದ್ದಳು.

ನನ್ನ ಕ್ಯಾಲೆಂಡರುಗಳು ಆಕೆಯ ಕಣ್ಣಿಗೆ ಬಿದ್ದದ್ದು ಆಮೇಲೆ. ನನಗೆ ಮದುವೆಯಾದಾಗಿನಿಂದ ಒಂದು ಚಟ. ಗೋಡೆಯ ಕ್ಯಾಲೆಂಡರಿನ ತಾರೀಖಿನ ಮನೆಯೊಳಗೆ ಆವತ್ತಿನದನ್ನು ಬರೆಯುತ್ತೇನೆ. ನಳ ಬಂತು. ಸಿಲಿಂಡರ್ ಹಚ್ಚಿದೆ. ದೊಡ್ಡವನಿಗೆ ಜ್ವರ. ಕಾಲುವೆಗೆ ನೀರು ಬಿಟ್ಟರು, ನಳದ ನೀರು ಕೆಂಪು. ಎದುರು ಮನೆಯ ಅಜ್ಜಿಗೆ ವಾಂತಿ. ವರ್ಷ ಮುಗಿದರೆ ಸುತ್ತಿ ಟ್ರಂಕಿಗೆ ಹಾಕುತ್ತೇನೆ. ಒಂದು ದಿನ ಬೇರೆ ಕಾಗದ ಸಿಗದೆ ಮೂಲಂಗಿ ಸುತ್ತಿಕೊಡಲು ಒಂದು ಹಾಳೆ ಹರಿಯಹೋದಾಗ ಆಪಾ ನನ್ನ ಕೈ ಹಿಡಿದಳು. “ಇವು ಎಷ್ಟು ವರ್ಷದ್ದು ಅದಾವ್ರೀ?” “ಎಲ್ಲಾ ಅದಾವ.” ಆಕೆ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಒಂದು ತಿಂಗಳು ದಿನಾ ಸಂಜೆ ನಾನು ಓದಿ ಹೇಳುವುದು, ಆಕೆ ಕಂಪ್ಯೂಟರಿಗೆ ಹಾಕುವುದು. ನನ್ನ ಅಕ್ಷರ ನನಗೇ ತಿಳಿಯದಿದ್ದಾಗ ನಗುತ್ತಿದ್ದಳು. “ಅಕ್ಕಾ, ಹಕೀಮ ಸಾಹೇಬರ ಉರ್ದು ಓದೀನಿ, ನಿಮ್ಮ ಕನ್ನಡ ಓದೂದು ಭಾಳ ತ್ರಾಸ ಆಗೈತಿ.” ನನ್ನ ಬರಹ ಯಾರಿಗಾದರೂ ಬೇಕಾದದ್ದು ಅದೇ ಮೊದಲು.

ಮರುವರ್ಷ ಕಾಲುವೆಗೆ ನೀರು ಬಿಡುವ ಹೊತ್ತಿಗೆ ಆಕೆ ಲಿಂಗಸುಗೂರಿಗೆ ವಾರದಲ್ಲಿ ಎರಡು ಮೂರು ಸಲ ಹೋಗತೊಡಗಿದಳು. ಅಲ್ಲಿ ಆಕೆಯ ಅಕ್ಕನ ಮನೆ ಇತ್ತು. ಏನು ಕೆಲಸ ಎಂದರೆ “ಐತ್ರೀ ಒಂದು ಕೆಲಸ” ಎನ್ನುತ್ತಿದ್ದಳು. ಹೋಗಿ ಬಂದ ದಿನ ಮೆಟ್ಟಿಲು ಹತ್ತಲು ಎರಡು ಸಲ ಕೂರುತ್ತಿದ್ದಳು. ಹೊಸ ನೀರು ಬಂದ ವಾರವೇ ಬಾಟಲಿ ತುಂಬಬೇಕು, ಎಣ್ಣೆ ಹೊಡೆಯುವ ವಾರಗಳಲ್ಲಿ ಮತ್ತೆ ತುಂಬಬೇಕು. ಒಂದು ಹಂಗಾಮು ತಪ್ಪಿದರೆ ವರ್ಷ ಹೋದಂತೆ. ಆಕೆ ಬಾಟಲಿಗಳ ಚೀಲವನ್ನು ನನ್ನ ಕೈಗೆ ಕೊಟ್ಟಳು. “ನಮ್ಮ ಮನೀ ನಳ, ಗೊರೇಬಾಳ, ವಳಕಮದಿನ್ನಿ, ದಢೇಸುಗೂರು. ಮಂದಿ ಕುಡಿಯೂ ನೀರು ಒಂದೊಂದು ತುಂಬಿಸಿಕೊಂಡು ಬರ್ರೀ ಅಕ್ಕಾ. ನಿಮ್ಮನ್ನ ಬಿಟ್ಟು ನನಗ ಯಾರೂ ಇಲ್ಲ.”

ಆ ಮಾತಿಗೆ ನನ್ನ ಎದೆ ಉಬ್ಬಿತು. ಎರಡನೆಯ ದಿನವೇ ನಳ ಬಂತು. ಕೊಡಕ್ಕೆ ಬಿದ್ದ ನೀರು ಚಹಾದ ಬಣ್ಣ. ಹೊಸ ನೀರು ಬಂದ ವಾರ ಯಾವಾಗಲೂ ಹಾಗೇ. ನಾವು ಪಟಿಕದ ಕಲ್ಲು, ಅದೇ ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಬಿಳಿ ಕಲ್ಲು, ಕೊಡದೊಳಗೆ ನಾಲ್ಕು ಸುತ್ತು ತಿರುಗಿಸಿ ಬಿಡುತ್ತೇವೆ. ಮಣ್ಣೆಲ್ಲ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಧೋತರದ ಅರಿವೆಯಲ್ಲಿ ಸೋಸಿ ಕುಡಿಯುತ್ತೇವೆ. ಬೆಳಿಗ್ಗೆ ಅವಸರವಿದ್ದರೆ ಅದೂ ಇಲ್ಲ, ಹಾಗೇ ಕುಡಿದು ಹೋಗುವವರೇ ಬಹಳ, ಹೊಲಕ್ಕೆ ಹೋಗುವವರಂತೂ ಕಾಲುವೆಗೇ ಬಾಯಿ ಹಚ್ಚುತ್ತಾರೆ. ಆದರೆ ಆ ಬಾಟಲಿಯ ಮೇಲೆ ‘ಅಕ್ಕನ ಮನೆ ನಳ’ ಎಂದು ಬರೆದಿತ್ತು. ದೊಡ್ಡ ದೊಡ್ಡ ಮಂದಿ ನೋಡುವ ಕಡೆ ನಮ್ಮ ಮನೆಯ ಹೆಸರಲ್ಲಿ ರಾಡಿ ಕಳಿಸುವುದೇ? ನನ್ನ ನೀರಿನ ಮೇಲೆ ಭರವಸೆ ಇಲ್ಲದವಳಿಗೆ ನನ್ನ ನೀರು ಹೇಗಿದೆ ಎಂದು ತೋರಿಸಬೇಕು ಎನ್ನುವ ಹಟವೂ ಒಳಗೆ ಇತ್ತು. ಪಟಿಕ ಹಾಕಿದೆ. ಒಂದು ತಾಸು ಬಿಟ್ಟೆ. ಅರಿವೆ ಎರಡು ಮಡಿಕೆ ಮಾಡಿ ಸೋಸಿದೆ. ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ತುಂಬಿದೆ. ಗಾಜಿನಂತೆ ಇತ್ತು ನೀರು.

ಊರುಗಳಿಗೆ ಹೋದಾಗ ಪಟಿಕದ ಕಲ್ಲು ನನ್ನ ಚೀಲದಲ್ಲೇ ಇತ್ತು. ಹೆಣ್ಣುಮಕ್ಕಳಿಗೂ ಅದೇ ಬೇಕಾಗಿತ್ತು. ವಳಕಮದಿನ್ನಿಯಲ್ಲಿ ಒಬ್ಬಾಕೆ, “ಪರೀಕ್ಷಾಕ್ಕ ಹೋಗೂ ನೀರು ತಡೀ ಯಕ್ಕಾ, ಅದಕ್ಕೊಂದಿಷ್ಟು ಮೈ ತೊಳಸೂನು” ಎಂದಾಗ ಎಲ್ಲರೂ ನಕ್ಕೆವು. ಹೊರಗಿನವರ ಕೈಗೆ ಕೊಡುವ ನೀರು ತಿಳಿಯಾಗಿರಬೇಕು. ನಮ್ಮಲ್ಲಿ ಅದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಇಡೀ ಹಂಗಾಮು ಹಾಗೆಯೇ ತುಂಬಿದೆ. ಪ್ರತಿ ಸಲವೂ ಕ್ಯಾಲೆಂಡರಿನಲ್ಲಿ ಬರೆದೆ. ‘ಆಪಾನ ಬಾಟಲಿ ತುಂಬಿದೆ. ಪಟಿಕ, ಎರಡು ಮಡಿಕೆ ಅರಿವೆ.’

ಫಲಿತಾಂಶ ಬಂದದ್ದು ಚಳಿಗಾಲದಲ್ಲಿ. ನೀರಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂದು ಬಂತು. ನಾನು ಒಳಗೊಳಗೇ ಹಿಗ್ಗಿದೆ, ಶಿರಾ ಮಾಡಿದೆ. ಆಪಾ ತಟ್ಟೆ ಮುಟ್ಟಲಿಲ್ಲ. ತನಗೆ ಮಾರ್ಗದರ್ಶನ ಮಾಡುವ ಪ್ರೊಫೆಸರು, ನಿನ್ನ ಊಹೆಯೇ ತಪ್ಪಿರಬೇಕು ಎಂದು ಫೋನಿನಲ್ಲಿ ಹೇಳಿದರಂತೆ. “ಮಷೀನು ನನ್ನ ಮುಂದೇ ಬ್ಯಾರೆ ಹೇಳಿತ್ತಲ್ರೀ ಅಕ್ಕಾ, ಹೋದ ವರ್ಷ…” ಎಂದು ಎರಡು ಮೂರು ಸಲ ಅಂದಳು. ಎಂಟು ದಿನ ಕಂಪ್ಯೂಟರಿನ ಮುಂದೆ ಕೂತಳು. ಆಮೇಲೆ ಒಂದು ಸಂಜೆ ಗೋಡೆಯಿಂದ ಆ ವರ್ಷದ ಕ್ಯಾಲೆಂಡರು ಇಳಿಸಿಕೊಂಡು, ನೀರು ಬಿಟ್ಟ ತಾರೀಖು ನೋಡಲು, ನನ್ನ ಪಕ್ಕದಲ್ಲಿ ಕೂತು ಓದತೊಡಗಿದಳು. ನಾನು ರೊಟ್ಟಿ ಬಡಿಯುತ್ತಿದ್ದೆ.

ಆಕೆಯ ಬೆರಳು ಒಂದು ತಾರೀಖಿನ ಮನೆಯ ಮೇಲೆ ನಿಂತಿತು. ಮುಂದಿನ ವಾರದ ಮನೆಗೆ ಹೋಯಿತು. ಹಾಳೆ ತಿರುವಿದಳು. ಮತ್ತೆ ನಿಂತಿತು.

“ಅಕ್ಕಾ, ಪಟಿಕ ಅಂದ್ರ?”

“ಪಟಿಕರೀ, ಮಣ್ಣು ಕುಂದರಸಾಕ. ನೀವು ಫಿಟ್ಕರಿ ಅಂತೀರಲ್ಲ.”

“ಬಾಟಲಿಗೆ ತುಂಬೂ ಮೊದಲು ಹಾಕಿದ್ರೇನು? ಎಲ್ಲಾದಕ್ಕೂ?”

“ಮತ್ತ? ರಾಡಿ ಹ್ಯಾಂಗ ಕಳಸೂದು ಆಪಾ?”

ಹಂಚಿನ ಮೇಲೆ ರೊಟ್ಟಿ ಕರಕಲಾಗುವ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಆಕೆ ಮುಖ ಕೆಳಗೆ ಹಾಕಿ ಕೂತಿದ್ದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ, ನೋಡಿದರೆ ನಗುತ್ತಿದ್ದಳು. ನಕ್ಕು ನಕ್ಕು ಆಮೇಲೆ ಅತ್ತಳು. “ನಾ ಹುಡುಕೂದೆಲ್ಲಾ ಮಣ್ಣಿನ ಕೂಡ ಕೊಡದ ತಳದಾಗ ಉಳದೈತಿ. ನಾನು ನೀವು ಕುಡಿಯೂ ನೀರು ಕೇಳಿದ್ದೆ ಅಕ್ಕಾ. ನೀವು ಬೀಗರಿಗೆ ಕೊಡೂ ನೀರು ಕೊಟ್ಟೀರಿ.”

ಮುಂದಿನ ಹಂಗಾಮಿಗೆ ಸರಿಯಾಗಿ ತುಂಬಿಕೊಡುತ್ತೇನೆ ಎಂದೆ. ಆಕೆ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ. “ನಾಳೆ ನನ್ನ ಕೂಡ ಲಿಂಗಸುಗೂರಿಗೆ ಬರ್ರೀ” ಅಂದಳು, ಅಷ್ಟೇ.

ಮರುದಿನ ಬಸ್ಸು ಇಳಿದು ಆಕೆಯ ಅಕ್ಕನ ಮನೆಗೆ ಹೋಗಲಿಲ್ಲ. ಆಸ್ಪತ್ರೆಗೆ ಹೋದೆವು. ಆಕೆ ತನ್ನ ಮನೆಯೆನ್ನುವಂತೆ ಒಂದು ಮಂಚ ಹತ್ತಿ ತೋಳು ಚಾಚಿದಳು. ಎರಡು ನಳಿಕೆಗಳಲ್ಲಿ ರಕ್ತ ಹೊರಗೆ ಹೋಗಿ, ಯಂತ್ರ ಸುತ್ತಿ, ಮತ್ತೆ ಒಳಗೆ ಬರುತ್ತಿತ್ತು. ನಾನು ಗೋಡೆ ಹಿಡಿದು ನಿಂತೆ. “ಅಂಜಬ್ಯಾಡ್ರೀ. ಇದೂ ಸೋಸೂದಽ ಅಕ್ಕಾ. ನೀವು ಅರಿವ್ಯಾಗ ಸೋಸ್ತೀರಿ, ಇವರು ಇದರಾಗ ಸೋಸ್ತಾರ.” ಆಕೆಯ ತಾಯಿ ಹೋದದ್ದು ಕಿಡ್ನಿಯಿಂದ. ಅಣ್ಣ ಹೋದದ್ದೂ ಅದರಿಂದಲೇ. ಈಗ ಆಕೆಯ ಸರದಿ. ಕಾಲುವೆಯ ಅಂಚಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಅವರು. “ನೀರಿಗೇ ಆತು ಅಂತ ನಾ ಹೇಳಾಕತ್ತಿಲ್ಲ. ಆಗಿಲ್ಲ ಅಂತ ಬಂದ್ರೂ ನಡೀತೈತಿ. ನಮ್ಮ ಅಮ್ಮೀ ಏನು ಕುಡಿದ್ಲು ಅನ್ನೂದು ನನಗ ಗೊತ್ತಾಗಬೇಕು. ಬಸ್.”

ಲೋಟ ಎಣಿಸಿ ನೀರು ಕುಡಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಅಂಥವರು ಹೆಚ್ಚು ಕುಡಿಯುವಂತಿಲ್ಲ. ಬಂದ ದಿನ ನನ್ನ ತಂಬಿಗೆಯಿಂದ ಕುಡಿದ ಆ ಒಂದು ಗುಟುಕನ್ನೂ ಆಕೆ ತನ್ನ ದಿನದ ಪಾಲಿನಿಂದ ಕಳೆದುಕೊಂಡಿದ್ದಳು. ನಾನು ಅದರ ಮೇಲೆ ಒಂದು ವರ್ಷ ಸಿಟ್ಟು ಸಾಕಿದ್ದೆ, ಆ ಸಿಟ್ಟನ್ನೇ ಬಾಟಲಿಗೆ ತುಂಬಿ ಕೊಟ್ಟಿದ್ದೆ. ಆ ಹೊತ್ತು ತಪ್ಪಾಯಿತು ಎಂದು ಅನ್ನಬೇಕಿತ್ತು. ಆಕೆಯ ಪಾದ ಒತ್ತುತ್ತಾ ಕೂತೆ. ಊದಿದ ಪಾದ, ಒತ್ತಿದಲ್ಲಿ ಬೆರಳಿನ ಗುಂಡಿ ಹಾಗೇ ನಿಲ್ಲುತ್ತಿತ್ತು…

ಆ ಬೇಸಿಗೆ ಬಹಳ ಉದ್ದ ಅನ್ನಿಸಿತು. ಕಾಲುವೆ ಒಣಗಿತ್ತು. ಆಕೆ ಹೆಚ್ಚುಕಡಿಮೆ ಲಿಂಗಸುಗೂರಿನಲ್ಲೇ ಉಳಿದಳು. ಹಾಸಿಗೆಯಲ್ಲೇ ಬರೆಯುತ್ತೇನೆಂದು ನನ್ನ ಕ್ಯಾಲೆಂಡರುಗಳ ಸುರುಳಿಯನ್ನೂ ಒಯ್ದಿದ್ದಳು. ದಿನಾ ಪೇಪರಿನಲ್ಲಿ ಡ್ಯಾಮಿಗೆ ನೀರು ಬಂತೇ ಎಂದು ನಾನು ಮೊದಲು ನೋಡುತ್ತಿದ್ದೆ. ಮನೆಯವರು, “ಎಷ್ಟು ಎಕರೆ ಹಚ್ಚೀಯವ್ವ ಈ ಸರ್ತಿ?” ಎಂದು ಚೇಷ್ಟೆ ಮಾಡುತ್ತಿದ್ದರು. ಒಂದು ದಿನ ಅವರೇ ಸಂತೆಯಿಂದ ಓಡಿಬಂದರು. “ಬಿಟ್ಟಾರ ನೋಡು ನೀರು.”

ಈ ಸಲ ಚೀಲದಲ್ಲಿ ಆಕೆ ಮೊದಲೇ ಚೀಟಿ ಅಂಟಿಸಿಟ್ಟಿದ್ದ ಬಾಟಲಿಗಳಷ್ಟೇ ಇದ್ದವು, ಪಟಿಕ ಇರಲಿಲ್ಲ. ನಳ ತಿರುವಿ ಮೊದಲ ಧಾರೆಯನ್ನೇ ಹಿಡಿದೆ. ಕೆಂಪು, ಕಸಕಡ್ಡಿ ಸಮೇತ. ಊರುಗಳಲ್ಲಿ ಜಗಳವೇ ಆಯಿತು. ದಢೇಸುಗೂರಿನಲ್ಲಿ ಒಬ್ಬ ಮುದುಕಿ ಬಾಟಲಿ ಕಸಿದುಕೊಂಡು, “ಇಂಥಾದ್ದು ಕೊಟ್ಟು ಕಳಿಸಿದ್ರ ನಮ್ಮ ಊರಾಗ ಹೆಣಮಕ್ಕಳು ಸತ್ತಾರೇನು ಅಂತಾರ” ಎಂದಳು. “ಅಮ್ಮಾ, ನಿಮ್ಮ ಕೈ ಮುಗೀತೀನಿ, ನೀವು ಕುಡಿಯೂದನ್ನಽ ಕೊಡ್ರಿ” ಎಂದೆ. ನಾನು ಅಳುತ್ತಿರುವುದನ್ನು ನೋಡಿ ಬಾಟಲಿ ಮರಳಿ ಕೊಟ್ಟಳು. ಸಂಜೆ ಎಲ್ಲವನ್ನೂ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟು ಫೋನು ಮಾಡಿದೆ.

“ಕೆಂಪಗೈತೇನ್ರೀ ಅಕ್ಕಾ?”

“ಚಹಾದಂಗ ಐತಿ.”

“ಶಾಬಾಸ್” ಎಂದಳು. ದನಿ ಬಹಳ ಸಣ್ಣದಾಗಿತ್ತು. “ಶನಿವಾರ ಬಂದು ಒಯ್ತೀನಿ. ಕಳಿಸಾಕ ಅಷ್ಟರತನಾ ಟೈಮ್ ಐತಿ.”

ಶುಕ್ರವಾರ ಬೆಳಿಗ್ಗೆ ಆಕೆಯ ಅಕ್ಕನ ಫೋನು ಬಂತು.

ಮಣ್ಣಿಗೆ ಹೋಗಿ ಬಂದ ಮೇಲೆ ಬಾಟಲಿಗಳ ನೆನಪಾದದ್ದು ನಾಲ್ಕು ದಿನ ಕಳೆದು. ಆಕೆಯ ಕೋಣೆಯ ಕಾಗದದಲ್ಲಿ ಪ್ರೊಫೆಸರ ನಂಬರು ಹುಡುಕಿ ಫೋನು ಮಾಡಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿದರು. ಆಮೇಲೆ, ಅವಧಿ ಮೀರಿದೆ ತಾಯಿ, ಇನ್ನು ಆ ನೀರಿನಿಂದ ಏನೂ ತಿಳಿಯದು, ಚೆಲ್ಲಿಬಿಡಿ ಎಂದರು. ಒಂದೊಂದೇ ಬಾಟಲಿಯನ್ನು ಕರಿಬೇವಿನ ಬುಡಕ್ಕೆ ಬಗ್ಗಿಸಿದೆ. ಹದಿನೇಳನೆಯದನ್ನು, ನಮ್ಮ ಮನೆ ನಳದ್ದನ್ನು, ಮಾತ್ರ ತೊಳೆದು ಇಟ್ಟುಕೊಂಡೆ.

ಆಕೆಯ ಅಕ್ಕ ಕೋಣೆ ಖಾಲಿ ಮಾಡಲು ಬಂದಾಗ ನನ್ನ ಕ್ಯಾಲೆಂಡರುಗಳನ್ನು ಮರಳಿ ಕೊಟ್ಟರು. ಬಿಚ್ಚಿ ನೋಡಿದೆ. ಪಟಿಕ ಎಂದು ನಾನು ಬರೆದ ಮೊದಲ ಮನೆಯ ಪಕ್ಕ, ಹಾಳೆಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ ಉರ್ದುವಿನ ಮೂರು ಸಾಲು. ನನಗೆ ಓದಲು ಬರುವುದಿಲ್ಲ. ಓಣಿಯಲ್ಲಿ ಓದುವವರು ಬಹಳ ಮಂದಿ ಇದ್ದರು. ಯಾರಿಗೂ ತೋರಿಸಲಿಲ್ಲ. ನನ್ನಿಂದ ಹೋದ ಒಂದು ವರ್ಷದ ಬಗ್ಗೆ ಆಕೆ ಬಾಯಿಬಿಟ್ಟು ಅನ್ನದ್ದನ್ನು ಅಲ್ಲಿ ಬರೆದಿದ್ದಾಳೆ ಎಂದು ಹೆದರಿಕೆ. ಹಾಗೇ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಎಷ್ಟೋ ಯುಗಾದಿ ಕಳೆದವು. ಮಗನ ಮದುವೆಯಾಯಿತು.

ಮೊನ್ನೆ ಈ ಬಾಟಲಿ ಸಿಕ್ಕ ಮೇಲೆ ತಡೆಯಲಾಗಲಿಲ್ಲ. ಆ ಹಾಳೆ ತೆಗೆದುಕೊಂಡು ಮಸ್ಕಿಯ ಬಸ್ಸು ಹತ್ತಿದೆ. ಹಕೀಮರ ಮನೆಯ ಅಜ್ಜ ಇದ್ದಾರೆ. ಕಣ್ಣು ಮಂಜು, ದಪ್ಪ ಭೂತಗನ್ನಡಿ ಹಿಡಿದು ಓದುತ್ತಾರೆ. ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಮೊದಲು ತಮ್ಮೊಳಗೇ ಓದಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

“‘ಅಕ್ಕನಿಗೆ ನಾನು ಸರಿಯಾಗಿ ಹೇಳಿಕೊಡಲಿಲ್ಲ, ತಪ್ಪು ನನ್ನದು. ಜನರಿಗೆ ನೀರು ಕೊಡಿ ಎಂದರೆ ಒಳ್ಳೆಯದನ್ನೇ ಕೊಡುತ್ತಾರೆ, ಇದನ್ನು ಪ್ರಬಂಧದಲ್ಲಿ ಬರೆಯಬೇಕು.’ ಇಷ್ಟು ಐತವ್ವ. ಕಡೀ ಸಾಲು, ‘ಮುಂದಿನ ಹಂಗಾಮಿಗೆ ಇಬ್ಬರೂ ಕೂಡಿ ಹೋಗಬೇಕು, ಅಕ್ಕನಿಗೆ ಬುತ್ತಿ ಕಟ್ಟಲು ಹೇಳಬೇಕು.’”

ಅಜ್ಜನ ಸೊಸೆ ನೀರು ತಂದಿಟ್ಟಳು. ನಾನು ಕುಡಿಯಲಾರದೆ ಬಹಳ ಹೊತ್ತು ಲೋಟ ಹಿಡಿದುಕೊಂಡೇ ಕೂತಿದ್ದೆ.

ಇವತ್ತು ಬೆಳಿಗ್ಗೆ ನಳ ಬಂತು. ಕಾಲುವೆಗೆ ಮೊನ್ನೆಯಷ್ಟೇ ಬಿಟ್ಟಿದ್ದಾರೆ, ನೀರು ಕೆಂಪು. ಅಜಿವಾನವನ್ನು ಬೇರೆ ಡಬ್ಬಿಗೆ ಸುರುವಿ, ಚೀಟಿ ತೊಯ್ಯದಂತೆ ಬಾಟಲಿ ತೊಳೆದು, ನಳದ ಮೊದಲ ಧಾರೆಗೆ ಹಿಡಿದೆ. ಸೋಸಲಿಲ್ಲ. ಮುಚ್ಚಳ ಬಿಗಿಮಾಡಿ ಕಿಟಕಿಯಲ್ಲಿಟ್ಟೆ. ಕ್ಯಾಲೆಂಡರಿನಲ್ಲಿ ಬರೆದೆ.

ನನ್ನ ಸೊಸೆ ಕೊಡ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಆಕೆ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಇದೇನೂ ಗೊತ್ತಿಲ್ಲ.

“ಆ ರಾಡಿ ನೀರು ಯಾರಿಗ್ರೀ ಅತ್ತಿ?”

“ಆಪಾಗ” ಎಂದೆ. ಬಾಯಿಗೆ ತಾನಾಗೇ ಬಂತು.

“ಒಯ್ಯಾಕ ಬರ್ತಾರೇನು?” ಎಂದು ಅವಳು ಕೊಡ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಬಾಗಿಲತನಕ ಹೋಗಿ ಓಣಿಯ ಆ ತುದಿಯವರೆಗೆ ನೋಡಿದಳು. ನಾನೂ ನೋಡಿದೆ.